ಹೊಸ್ತಿಲು ಒಂದೇ, ರಂಗವಲ್ಲಿ ಬೇರೆ

ಆರ್. ಟಿ. ನಗರದ ಯಾವ ಬೀದಿಯಲ್ಲಾದರೂ ಕಾಣಸಿಗಬಹುದಾದ ಒಂದು ಸಂಸಾರವನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಮನೆಯ ಯಜಮಾನರಿಗೆ ಅರವತ್ತೆಂಟು ವರ್ಷ. ಕಚೇರಿಯಿಂದ ನಿವೃತ್ತರಾದ ಮರುದಿನದಿಂದ ಈವರೆಗೆ, ಚಳಿಯಿರಲಿ, ಮಂಜಿರಲಿ, ಬೆಳಗಿನ ಆರು ಗಂಟೆಗೆ ಬಡಾವಣೆಯ ಉದ್ಯಾನದಲ್ಲಿ ಅವರ ಐದು ಸುತ್ತು ತಪ್ಪಿದುದಿಲ್ಲ. ಅದೇ ದಾರಿ, ಅದೇ ವೇಗ, ಅದೇ ಕಲ್ಲುಬೆಂಚಿನ ಮೇಲೆ ಅದೇ ಹತ್ತು ನಿಮಿಷದ ವಿಶ್ರಾಂತಿ. ಅವರನ್ನು ಕಂಡು ತಮ್ಮ ಗಡಿಯಾರವನ್ನು ಸರಿಪಡಿಸಿಕೊಳ್ಳುವ ನೆರೆಹೊರೆಯವರೂ ಇಲ್ಲದಿಲ್ಲ.

ಮಗನ ಧಾಟಿಯೇ ಬೇರೆ. ಮೂವತ್ತೆಂಟು ವರ್ಷದ ಆತ ಹೆಬ್ಬಾಳದ ಬಳಿ ತಂತ್ರಾಂಶದ ಸಂಸ್ಥೆಯೊಂದರಲ್ಲಿ ಉದ್ಯೋಗಿ. ಸಂಕ್ರಾಂತಿಯ ಹೊತ್ತಿಗೆ ಕಬ್ಬಿಣದ ಭಾರ ಎತ್ತುವ ಜಿಮ್ಮು, ಯುಗಾದಿಗೆ ಈಜು, ಮಳೆ ಹಿಡಿದಾಗ ಯೋಗ, ದಸರೆಗೆ ಸೈಕಲ್ಲು. ಒಂದೊಂದಕ್ಕೂ ಹೊಸ ಪಾದರಕ್ಷೆ, ಹೊಸ ಉಡುಪು, ಹೊಸ ಶುಲ್ಕ. ಯಾವುದೊಂದೂ ಎರಡು ತಿಂಗಳನ್ನು ದಾಟಿದ ದಾಖಲೆಯಿಲ್ಲ. ಒಂದೇ ವ್ಯಾಯಾಮವನ್ನು ಮಾಡುತ್ತಿದ್ದರೆ ದೇಹಕ್ಕೆ ಅಭ್ಯಾಸವಾಗಿಬಿಡುತ್ತದೆ, ಆಗಾಗ ಅದನ್ನು ಗಲಿಬಿಲಿಗೊಳಿಸಬೇಕು ಎಂದು ಯಾರೋ ಹೇಳಿದ್ದು ಅವನ ಮನಸ್ಸಿನಲ್ಲಿ ಬಲವಾಗಿ ನಿಂತಿತ್ತು. ತಂದೆಯವರು ಮಗನನ್ನು ಚಂಚಲನೆಂದು ಹಳಿಯುವರು. ಮಗ ತಂದೆಯ ಸುತ್ತುಗಳನ್ನು ಗಾಣದೆತ್ತಿನ ಸುತ್ತಿಗೆ ಹೋಲಿಸುವನು. ಮನೆಯ ವಿನೋದಗಳಲ್ಲಿ ಇದೂ ಒಂದಾಗಿತ್ತು.

ವಿನೋದಕ್ಕೆ ತೆರೆ ಬಿದ್ದುದು ಯಲಹಂಕದ ನೆಂಟರೊಬ್ಬರ ಮನೆಯ ಸತ್ಯನಾರಾಯಣ ಪೂಜೆಯ ದಿನ. ಊಟಕ್ಕೆ ನೆಲದ ಮೇಲೆಯೇ ಪಂಕ್ತಿ. ಯಜಮಾನರು ಎಲ್ಲರಂತೆ ಮಣೆಯ ಮೇಲೆ ಕುಳಿತರು, ಪಾಯಸವನ್ನೂ ಎರಡು ಸಲ ಹಾಕಿಸಿಕೊಂಡರು. ಏಳುವ ಹೊತ್ತಿಗೆ ಮಾತ್ರ ಕಾಲು ಮಾತು ಕೇಳಲಿಲ್ಲ. ಒಂದು ಕೈಯನ್ನು ನೆಲಕ್ಕೂರಿ ನೋಡಿದರು. ಎರಡು ಕೈಗಳನ್ನು ಊರಿ ನೋಡಿದರು. ಕೊನೆಗೆ ಇಬ್ಬರು ಹುಡುಗರು ಕಂಕುಳಿಗೆ ಕೈಕೊಟ್ಟು ಎಬ್ಬಿಸಬೇಕಾಯಿತು. ‘ಪಾಯಸದ ಭಾರ’ ಎಂದು ನಕ್ಕು ತೇಲಿಸಿದರಾದರೂ ಅಂದಿನ ರಾತ್ರಿ ಅವರಿಗೆ ನಿದ್ರೆ ಹತ್ತಲಿಲ್ಲ. ಅವರ ತಂದೆ ಎಂಬತ್ತರಲ್ಲಿಯೂ ಪಂಕ್ತಿಯಿಂದ ಅಂಗೈ ಸೋಕಿಸದೆ ಏಳುತ್ತಿದ್ದುದು ಕಣ್ಣಿಗೆ ಕಟ್ಟಿತು. ಇಷ್ಟು ವರ್ಷಗಳ ನಡಿಗೆ ಎಲ್ಲಿ ಹೋಯಿತು? ಇನ್ನು ಹತ್ತು ವರ್ಷಕ್ಕೆ ಹಾಸಿಗೆಯಿಂದ ಏಳುವುದಕ್ಕೂ ಇಬ್ಬರು ಬೇಕಾದರೆ?

ಅದೇ ವಾರ ಮಗನೂ ಭುಜ ಹಿಡಿದುಕೊಂಡು ಬಂದ. ಹೊಸದಾಗಿ ಸೇರಿದ ತರಗತಿಯಲ್ಲಿ, ಅಲ್ಲಿ ವರ್ಷದಿಂದ ಪಳಗಿದವರ ಸಮಕ್ಕೆ ಭಾರ ಎತ್ತಲು ಹೋಗಿ, ಬಲತೋಳು ತಲೆಯ ಮಟ್ಟಕ್ಕೆ ಏಳದಂತಾಗಿತ್ತು.

ತಂದೆಯಲ್ಲಿ ನಿಯಮಕ್ಕೆ ಕೊರತೆಯಿರಲಿಲ್ಲ, ಮಗನಲ್ಲಿ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಆದರೆ ಬದಲಾಗದಂತೆ ಕಾಯಬೇಕಾದುದನ್ನು ಮಗ ತಿಂಗಳಿಗೊಮ್ಮೆ ಬದಲಿಸಿದ. ಕಾಲಕಾಲಕ್ಕೆ ಬದಲಿಸಬೇಕಾದುದನ್ನು ತಂದೆ ವರ್ಷಗಟ್ಟಲೆ ಮುಟ್ಟಲಿಲ್ಲ. ಅಂಗಸಾಧನೆಯಲ್ಲಿ ಯಾವುದು ಸ್ಥಿರವಾಗಿರಬೇಕು, ಯಾವುದು ಹೊಸದಾಗುತ್ತಿರಬೇಕು ಎಂಬುದನ್ನು ಬೇರೆಬೇರೆಯಾಗಿ ತಿಳಿದುಕೊಂಡರೆ ತಂದೆ ಮಕ್ಕಳ ಜಗಳಕ್ಕೆ ಎಡೆಯೇ ಉಳಿಯುವುದಿಲ್ಲ.

ದೇಹದ ಪಂಚಾಂಗ

ಮೊದಲು ಮಗನ ಪಕ್ಷವನ್ನು ವಿಚಾರಿಸೋಣ. ದೇಹಕ್ಕೆ ತನ್ನದೇ ಆದ ಪಂಚಾಂಗವೊಂದುಂಟು. ಅದು ನಮ್ಮ ಆತುರವನ್ನು ಲೆಕ್ಕಿಸುವುದಿಲ್ಲ. ಹೊಸ ವ್ಯಾಯಾಮವೊಂದನ್ನು ಹಿಡಿದ ಮೊದಲ ಕೆಲವು ವಾರಗಳಲ್ಲಿ ಶಕ್ತಿ ಬೇಗ ಬೇಗನೆ ಹೆಚ್ಚುತ್ತಿರುವಂತೆ ತೋರುತ್ತದೆ. ಆ ಹೆಚ್ಚಳವು ಬಹುಮಟ್ಟಿಗೆ ನರಮಂಡಲದ್ದು. ಇರುವ ಸ್ನಾಯುವನ್ನೇ ಒಟ್ಟಾಗಿ, ಸರಿಯಾದ ಕ್ರಮದಲ್ಲಿ ದುಡಿಸುವುದನ್ನು ಮೆದುಳು ಕಲಿಯುತ್ತಿರುತ್ತದೆ. ಸ್ನಾಯುವೇ ಪುಷ್ಟಿಗೊಂಡು ಕಣ್ಣಿಗೆ ಕಾಣುವಂತಾಗಲು ಮತ್ತೂ ಹಲವು ವಾರಗಳು ಬೇಕು. ಸ್ನಾಯುವನ್ನು ಎಲುಬಿಗೆ ಬಿಗಿಯುವ ರಜ್ಜುಗಳು ಅದಕ್ಕಿಂತಲೂ ನಿಧಾನವಾಗಿ ಗಟ್ಟಿಯಾಗತಕ್ಕವು. ಹೀಗಿರುವಲ್ಲಿ, ಎರಡು ತಿಂಗಳಿಗೊಮ್ಮೆ ಆಟವನ್ನೇ ಬದಲಿಸುವವನು ಪ್ರತಿಸಲವೂ ಪಾಠದ ಮೊದಲ ಪುಟವನ್ನೇ ಓದುತ್ತಿರುತ್ತಾನೆ. ಪ್ರತಿಸಲವೂ ಹೊಸ ಮೈನೋವು ಕಾಣುತ್ತದೆ. ಮೈನೋವೇ ಪ್ರಗತಿಯ ಗುರುತೆಂದು ಆತ ಭಾವಿಸುತ್ತಾನೆ. ವಾಸ್ತವವಾಗಿ ಅದು ಪರಿಚಯವಿಲ್ಲದ ಕೆಲಸದ ಗುರುತು. ಅಪಾಯವಿರುವುದೂ ಇಲ್ಲಿಯೇ: ಮೆದುಳು ಮೊದಲೇ ಕಲಿತು ಭಾರವನ್ನು ಹೆಚ್ಚಿಸಲು ಹೇಳುತ್ತದೆ, ರಜ್ಜುಗಳು ಇನ್ನೂ ಸಿದ್ಧವಾಗಿರುವುದಿಲ್ಲ.

ಈ ವಿಷಯದಲ್ಲಿ ಅಮೆರಿಕದ ಸೈನ್ಯವೈದ್ಯರಾದ ಥಾಮಸ್ ಡಿಲಾರ್ಮ್ ಅವರ ಕೆಲಸವನ್ನು ನೆನೆಯುವುದು ಉಚಿತ. ಎರಡನೆಯ ಮಹಾಯುದ್ಧದಲ್ಲಿ ಮೊಣಕಾಲಿಗೆ ಪೆಟ್ಟು ಬಿದ್ದ ಯೋಧರು ಆಸ್ಪತ್ರೆಗಳಲ್ಲಿ ತುಂಬಿದ್ದರು. ಹಗುರವಾದ ಚಲನೆಗಳನ್ನು ಬಹಳ ಸಲ ಮಾಡಿಸುವುದು ಅಂದಿನ ವಾಡಿಕೆ. ಡಿಲಾರ್ಮ್ ಅವರು ವಾಡಿಕೆಯನ್ನು ಬಿಟ್ಟು, ರೋಗಿ ಹತ್ತು ಸಲ ಮಾತ್ರ ಎತ್ತಬಲ್ಲಷ್ಟು ಭಾರವನ್ನು ಗೊತ್ತುಮಾಡಿ, ಶಕ್ತಿ ಬೆಳೆದಂತೆ ಆ ಭಾರವನ್ನು ಮೆಲ್ಲಮೆಲ್ಲಗೆ ಏರಿಸುತ್ತ ಹೋದರು. 1945ರಲ್ಲಿ ಅವರು ಪ್ರಕಟಿಸಿದ ಫಲಿತಾಂಶವು ಇಂದಿಗೂ ಅಂಗಸಾಧನೆಯ ಅಡಿಗಲ್ಲುಗಳಲ್ಲಿ ಒಂದಾಗಿದೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಚಲನೆ ಬದಲಾಗಲಿಲ್ಲ, ಭಾರ ಬದಲಾಯಿತು. ದೇಹವನ್ನು ಗಲಿಬಿಲಿಗೊಳಿಸುವ ಪ್ರಶ್ನೆಯೇ ಏಳಲಿಲ್ಲ.

ಅಭ್ಯಾಸವು ಬೇರೂರುವ ಬಗೆಯನ್ನು ಕುರಿತು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಅವರ ಸಂಗಡಿಗರು 96 ಮಂದಿಯನ್ನು ಪರಿಶೀಲಿಸಿದುದೂ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಅವರ ಲೇಖನ ಅಚ್ಚಿನಲ್ಲಿ ಬಂದುದು 2010ರಲ್ಲಿ. ಹೊಸ ರೂಢಿಯೊಂದು ಯೋಚನೆಯಿಲ್ಲದೆ ನಡೆಯುವಷ್ಟು ಸಹಜವಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನವೇ ಸಾಕಾದರೆ ಮತ್ತೆ ಕೆಲವರಿಗೆ 254 ದಿನಗಳ ಅಂದಾಜು ಬಂತು. ಇವೆಲ್ಲಕ್ಕಿಂತ ಸಮಾಧಾನದ ಮಾತೊಂದುಂಟು. ನಡುವೆ ಒಂದು ದಿನ ತಪ್ಪಿದುದರಿಂದ ರೂಢಿಗೆ ಹೇಳಿಕೊಳ್ಳುವಂಥ ಹಾನಿಯೇನೂ ಆಗಲಿಲ್ಲ. ಶ್ರಾದ್ಧವೋ ಮದುವೆಯೋ ಬಂದು ಒಂದು ದಿನ ತಪ್ಪಿತೆಂದು ವ್ರತಭಂಗವಾದವರಂತೆ ಎಲ್ಲವನ್ನೂ ಕೈಬಿಡುವವರು ಇದನ್ನು ನೆನಪಿನಲ್ಲಿಡಬೇಕು. ಮರುದಿನ ಅದೇ ಹೊತ್ತಿಗೆ ಎದ್ದರಾಯಿತು.

ಐದು ಸುತ್ತಿನ ಲಾಭನಷ್ಟ

ಇನ್ನು ತಂದೆಯವರ ಪಕ್ಷ. ಅವರ ನಡಿಗೆ ವ್ಯರ್ಥವಾಯಿತೆಂದು ಯಾರೂ ಭಾವಿಸಬಾರದು. 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಬಸ್ಸುಗಳ ನೌಕರರನ್ನು ಕುರಿತು ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದುದು. ದಿನವೆಲ್ಲ ಕುಳಿತೇ ಇರುವ ಚಾಲಕರಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿ ಇಳಿದು ಚೀಟಿ ಕೊಡುತ್ತಿದ್ದ ನಿರ್ವಾಹಕರಲ್ಲಿ ಹೃದಯಾಘಾತದ ಪ್ರಮಾಣ ಕಡಿಮೆಯಾಗಿತ್ತು. ಅವರ ಕೆಲಸದಲ್ಲಿ ವೈವಿಧ್ಯವೆಲ್ಲಿ? ಅದೇ ಬಸ್ಸು, ಅದೇ ಮೆಟ್ಟಿಲು. ಆದರೂ ಹೃದಯಕ್ಕೆ ಉಪಕಾರವಾಯಿತು. ಯಜಮಾನರ ಐದು ಸುತ್ತುಗಳೂ ಅವರ ಹೃದಯವನ್ನು, ರಕ್ತದ ಸಕ್ಕರೆಯನ್ನು, ನಿದ್ರೆಯನ್ನು ಕಾಯುತ್ತ ಬಂದಿದ್ದರೆ ಆಶ್ಚರ್ಯವಿಲ್ಲ.

ಆದರೆ ದೇಹವು ಬಹು ಜಿಪುಣ. ಕೇಳಿದಷ್ಟನ್ನು ಕೊಡುತ್ತದೆ, ಕೇಳದುದನ್ನು ಮೆಲ್ಲನೆ ಹಿಂತೆಗೆದುಕೊಳ್ಳುತ್ತದೆ. ಸಮನೆಲದ ಮೇಲೆ ಒಂದೇ ವೇಗದ ನಡಿಗೆಯು ಮೊಣಕಾಲನ್ನು ಪೂರ್ತಿ ಮಡಿಸೆಂದು ಕೇಳುವುದಿಲ್ಲ. ತೊಡೆಗೆ ಮೈಭಾರವನ್ನು ಕೆಳಗಿನಿಂದ ಮೇಲಕ್ಕೆತ್ತೆಂದು ಹೇಳುವುದಿಲ್ಲ. ತೋಳಿಗೂ ಬೆನ್ನಿಗೂ ಅದರಿಂದ ಕೆಲಸ ದೊರೆಯುವುದು ಅತ್ಯಲ್ಪ. ಮೂವತ್ತು ದಾಟಿದ ಮೇಲೆ ಸ್ನಾಯುವಿನ ರಾಶಿಯು ದಶಕಕ್ಕೆ ಶೇಕಡ 3ರಿಂದ 8ರಷ್ಟು ಕರಗುವುದೆಂದೂ ಅರವತ್ತರ ಬಳಿಕ ಆ ಕರಗುವಿಕೆ ಇನ್ನೂ ಚುರುಕಾಗುವುದೆಂದೂ ವೈದ್ಯರ ಅಂದಾಜು. ನಡಿಗೆಯೊಂದರಿಂದಲೇ ಅದನ್ನು ತಡೆಯುವುದು ಸಾಧ್ಯವಾಗದು. ಪಂಕ್ತಿಯಲ್ಲಿ ಯಜಮಾನರಿಗೆ ಕೈಕೊಟ್ಟುದು ಈ ಲೆಕ್ಕವೇ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ಈ ತೂಕ ಸ್ಪಷ್ಟವಾಗಿದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ಅದರ ಮೇಲೆ, ವಾರದಲ್ಲಿ ಎರಡು ದಿನಕ್ಕೆ ಕಡಿಮೆಯಿಲ್ಲದಂತೆ ಪ್ರಮುಖ ಸ್ನಾಯುಗಳನ್ನೆಲ್ಲ ಬಲಪಡಿಸುವ ವ್ಯಾಯಾಮ. ಅರವತ್ತೈದು ದಾಟಿದವರಿಗೆ ಇವುಗಳ ಜೊತೆಗೆ ಮೂರು ದಿನವಾದರೂ ಸಮತೋಲನವನ್ನೂ ಬಲವನ್ನೂ ಕೂಡಿಸಿಕೊಂಡ ಬಗೆಬಗೆಯ ಚಟುವಟಿಕೆ. ಎಡವಿ ಬೀಳುವುದನ್ನು ತಪ್ಪಿಸುವುದೇ ಈ ಕೊನೆಯ ಮಾತಿನ ಉದ್ದೇಶ. ಹಿರಿಯರಿಗೆ ವೈವಿಧ್ಯವೆಂಬುದು ವಿಲಾಸವಲ್ಲ. ಅದು ಸ್ನಾನದ ಮನೆಯ ನೆಲದ ಮೇಲೆ ಅವರನ್ನು ಕಾಯತಕ್ಕ ಕಾವಲು.

ಗರಡಿಯ ಪಾಠ

ನಿಯಮ ಮತ್ತು ವೈವಿಧ್ಯಗಳ ಈ ಹೊಂದಾಣಿಕೆ ಕನ್ನಡನಾಡಿಗೆ ಹೊಸದೇನೂ ಅಲ್ಲ. ಮೈಸೂರು, ಬೆಂಗಳೂರುಗಳ ಹಳೆಯ ಗರಡಿಮನೆಗಳನ್ನು ಕಂಡವರು ಬಲ್ಲರು. ಅಲ್ಲಿ ಹೊತ್ತು ಒಂದೇ, ಕೆಮ್ಮಣ್ಣು ಒಂದೇ, ಆಂಜನೇಯನಿಗೆ ಕೈಮುಗಿದು ಅಂಕಣಕ್ಕೆ ಇಳಿಯುವ ಕ್ರಮವೂ ಒಂದೇ. ಆದರೆ ಸಾಮು ಒಂದೇ ಬಗೆಯದಲ್ಲ. ಕಾಲಿಗೆ ಬಸ್ಕಿ, ಎದೆಗೂ ತೋಳಿಗೂ ದಂಡೆ, ಭುಜಕ್ಕೆ ಗದೆ, ಬೆನ್ನಿಗೆ ಕಲ್ಲುಗುಂಡು, ಇಡೀ ಮೈಗೆ ಕುಸ್ತಿ. ಹುಡುಗನು ಬಸ್ಕಿಯನ್ನು ಬಿಟ್ಟು ಗದೆಗೆ ಹಾರುವಂತಿರಲಿಲ್ಲ. ಉಸ್ತಾದರು ಎಣಿಕೆಯನ್ನು ದಿನಕ್ಕಿಷ್ಟರಂತೆ ಏರಿಸುತ್ತಿದ್ದರು.

‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಮೂಲಕ ಮನೆಮಾತಾದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದ ಅಂಗಸಾಧಕರೂ ಆಗಿದ್ದರೆಂಬುದನ್ನು ಹಿರಿಯ ವಾಚಕರು ಮರೆತಿರಲಾರರು. ಕಬ್ಬಿಣದ ಭಾರವೆಂದರೆ ಪಾಶ್ಚಾತ್ಯ, ಆಸನವೆಂದರೆ ದೇಶೀಯ ಎಂದು ಜನ ಎರಡು ಪಕ್ಷವಾಗಿದ್ದ ಕಾಲದಲ್ಲಿ ಅವರು ಭಾರ ಎತ್ತುವುದನ್ನೂ ಹಠಯೋಗವನ್ನೂ ಒಂದೇ ಪದ್ಧತಿಯೊಳಗೆ ಹೊಂದಿಸಿದರು. ಸೂರ್ಯನಮಸ್ಕಾರವನ್ನು ಕುರಿತೂ ಪುಸ್ತಕ ಬರೆದರು. ಬಲಕ್ಕೆ ಒಂದು, ಬಾಗುವಿಕೆಗೆ ಇನ್ನೊಂದು ಎಂಬ ವಿವೇಕ ಅವರದು. ಶಾಲೆಗೆ ಬರಲಾಗದ ದೂರದೂರಿನವರಿಗೆ ಅಂಚೆಯ ಮೂಲಕವೂ ಅವರು ಪಾಠಗಳನ್ನು ಕಳುಹಿಸುತ್ತಿದ್ದರು.

ಉತ್ತರ ಬೆಂಗಳೂರಿಗೆ ಇನ್ನೂ ಹತ್ತಿರದ ನಿದರ್ಶನವೊಂದುಂಟು. ಯಶವಂತಪುರಕ್ಕೆ ನೆರೆಯಾದ ಮಲ್ಲೇಶ್ವರದಲ್ಲಿ ಕೆನರಾ ಯೂನಿಯನ್ ಎಂಬ ಸಂಘದ ಸಭಾಂಗಣವಿದೆ. 1955ರಲ್ಲಿ ಜನಿಸಿದ ಪ್ರಕಾಶ್ ಪಡುಕೋಣೆ ಅವರು ಷಟಲ್ ಬ್ಯಾಡ್ಮಿಂಟನ್ ಕಲಿತುದು ಅಲ್ಲಿ. ಅದು ಮದುವೆಗಳಿಗೂ ಬಾಡಿಗೆಗೆ ಹೋಗುತ್ತಿದ್ದ ಅಂಗಣ. ಮುಹೂರ್ತವಿದ್ದ ದಿನಗಳಲ್ಲಿ ಆಟಕ್ಕೆ ಎಡೆಯಿಲ್ಲ. 1962ರಲ್ಲಿ, ಏಳು ವರ್ಷದ ಬಾಲಕನಾಗಿ, ರಾಜ್ಯದ ಕಿರಿಯರ ಪಂದ್ಯದ ಮೊದಲ ಸುತ್ತಿನಲ್ಲಿಯೇ ಅವರು ಸೋತರು. ಎರಡು ವರ್ಷಗಳ ಬಳಿಕ ಅದೇ ಪ್ರಶಸ್ತಿಯನ್ನು ಗೆದ್ದರು. ಅಂಗಣ ಬದಲಾಗಲಿಲ್ಲ, ಆಟವನ್ನು ಮಾತ್ರ ಅವರು ಬದಲಿಸಬಲ್ಲವರಾಗಿದ್ದರು. 1971ರಲ್ಲಿ ತಮ್ಮ ಧಾಟಿಯನ್ನು ತಿದ್ದಿಕೊಂಡು ಹೆಚ್ಚು ಬಿರುಸಿನ ಆಟಕ್ಕೆ ಇಳಿದರು. ಹದಿಹರೆಯದಲ್ಲಿಯೇ ರಾಷ್ಟ್ರದ ಹಿರಿಯರ ಪ್ರಶಸ್ತಿಯೂ ಅವರದಾಗಿ, ಮುಂದೆ ವರ್ಷವರ್ಷವೂ ಅವರಲ್ಲಿಯೇ ಉಳಿಯಿತು. ಆದರೆ 1980ರ ಮಾರ್ಚ್ 23ರಂದು ಆಲ್ ಇಂಗ್ಲೆಂಡ್ ಪಂದ್ಯದ ಅಂತಿಮ ಸುತ್ತಿನಲ್ಲಿ, ಸಿಡಿಲಿನಂಥ ಹೊಡೆತಕ್ಕೆ ಹೆಸರಾಗಿದ್ದ ಇಂಡೊನೇಷ್ಯದ ಲಿಯೆಮ್ ಸ್ವಿ ಕಿಂಗ್ ಎದುರು ನಿಂತಾಗ, ಪ್ರಕಾಶರು ಬಿರುಸಿಗೆ ಬಿರುಸನ್ನು ಒಡ್ಡಲಿಲ್ಲ. ಆಟದ ವೇಗವನ್ನೇ ತಗ್ಗಿಸಿ, ಬಲೆಯ ಬಳಿ ಮೆಲ್ಲನೆ ಬೀಳುವ ಹೊಡೆತಗಳಿಂದ ಎದುರಾಳಿಯ ಲಯ ಕೆಡಿಸಿ, 15–3, 15–10ರಿಂದ ಗೆದ್ದರು. ಆ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯರು ಅವರೇ.

ಹೊತ್ತಿಗೊಂದು ಆಟವಾಡಿದ ಅವರ ಕೈಗೆ ಆ ಸಾಮರ್ಥ್ಯ ಬಂದುದು ಹದಿನೆಂಟು ವರ್ಷ ಒಂದೇ ಆಟವನ್ನು ಬಿಡದೆ ಹಿಡಿದುದರಿಂದ. ಅವರು 1994ರಲ್ಲಿ ತಮ್ಮ ಸಂಗಡಿಗರೊಡನೆ ಆರಂಭಿಸಿದ ತರಬೇತಿ ಶಾಲೆಯೂ ಮೊದಲು ಕೆನರಾ ಯೂನಿಯನ್ನಿನಲ್ಲಿದ್ದು, ಬಳಿಕ ಯಲಹಂಕದ ಆಚೆಯ ದೊಡ್ಡ ಕ್ರೀಡಾಕೇಂದ್ರಕ್ಕೆ ಬಂತು. ಅಲ್ಲಿ ಪಳಗಿದ ಲಕ್ಷ್ಯ ಸೇನ್ 2022ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಚಿನ್ನದ ಪದಕ ಗೆದ್ದುದನ್ನು ಎಲ್ಲರೂ ಬಲ್ಲರು.

ಒಂದೇ ನಮಸ್ಕಾರ, ಮೂರು ಬಗೆ

ಪದಕದ ಹಂಬಲವಿಲ್ಲದ ಗೃಹಸ್ಥರಿಗೆ ಇದರಿಂದ ಏನು ಪ್ರಯೋಜನವೆಂದು ಕೇಳಬಹುದು. ಸೂರ್ಯನಮಸ್ಕಾರವನ್ನೇ ತೆಗೆದುಕೊಳ್ಳೋಣ. ಅದರ ಭಂಗಿಗಳ ಕ್ರಮ ನಿಶ್ಚಿತವಾದುದು. ಒಮ್ಮೆ ಕಲಿತರೆ ಮತ್ತೆ ಯೋಚಿಸಬೇಕಾಗಿಲ್ಲ. ಆದರೂ ಸೋಮವಾರ ಅದನ್ನು ನಿಧಾನವಾಗಿ, ಒಂದೊಂದು ಭಂಗಿಯಲ್ಲಿ ಎರಡು ಮೂರು ಉಸಿರಿನಷ್ಟು ನಿಂತು ಮಾಡಿದರೆ ಬೆನ್ನೂ ತೊಡೆಯ ಹಿಂಬದಿಯೂ ಸಡಿಲವಾಗುತ್ತವೆ. ಬುಧವಾರ ಬಿಡುವಿಲ್ಲದೆ ಚುರುಕಾಗಿ ಮಾಡಿದರೆ ಏದುಸಿರು ಬಂದು ಹೃದಯಕ್ಕೆ ಕೆಲಸವಾಗುತ್ತದೆ. ಶುಕ್ರವಾರ, ಮೈಯನ್ನು ಹಲಗೆಯಂತೆ ನೇರವಾಗಿ ಹಿಡಿಯುವ ಭಂಗಿಯಲ್ಲಿ ಇಪ್ಪತ್ತು ಎಣಿಸುವತನಕ ನಿಂತರೆ ತೋಳು, ಹೊಟ್ಟೆಗಳಿಗೆ ಬಲ ಬರುತ್ತದೆ. ಸಂಗೀತದ ವಿದ್ಯಾರ್ಥಿಯು ಅದೇ ಸರಳೆಯನ್ನು ಮೂರು ಕಾಲಗಳಲ್ಲಿ ಸಾಧಿಸುವುದೂ ಇದೇ ಬಗೆಯದಲ್ಲವೆ?

ಇದಕ್ಕೆ ವಿರೋಧವಾದ ದೃಶ್ಯವನ್ನು ರಥಸಪ್ತಮಿಯಂದು ಕಾಣಬಹುದು. ವರ್ಷವಿಡೀ ಒಂದು ನಮಸ್ಕಾರವನ್ನೂ ಹಾಕದವರು ಅಂದು ಉತ್ಸಾಹದಿಂದ 108ಕ್ಕೆ ಕೈಹಾಕಿ, ಮಾರನೆಯ ವಾರವೆಲ್ಲ ಮಣಿಕಟ್ಟಿಗೆ ಎಣ್ಣೆ ತಿಕ್ಕಿಸಿಕೊಳ್ಳುವುದುಂಟು. ಸೂರ್ಯದೇವನು ನಿತ್ಯವೂ ಬರುತ್ತಾನೆ. ದಿನಕ್ಕೆ ಆರರಂತೆ ಹಾಕಿದರೂ ಅವನು ಬೇಸರಗೊಳ್ಳುವವನಲ್ಲ.

ಗೃಹಸ್ಥರಿಗೊಂದು ಏರ್ಪಾಡು

ಆರ್. ಟಿ. ನಗರದ ಮನೆಯಲ್ಲಿ ಈ ಗಂಟನ್ನು ಬಿಡಿಸಿದವಳು ಸೊಸೆ. ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡ ಗಂಡನೂ ಮಂಕಾಗಿ ಕುಳಿತ ಮಾವನೂ ಕಾಫಿಯ ಹೊತ್ತಿಗೆ ಹಳೆಯ ವಾದವನ್ನೇ ಎತ್ತಿದಾಗ ಆಕೆ ಬಾಗಿಲ ಕಡೆ ಕೈ ತೋರಿಸಿದಳು: “ಹೊಸ್ತಿಲು ಬದಲಾಗಿಲ್ಲ, ಹೊತ್ತು ಬದಲಾಗಿಲ್ಲ. ನಿನ್ನೆ ಏಳು ಚುಕ್ಕಿ, ಇವತ್ತು ಒಂಬತ್ತು. ದಿನವೂ ಅದೇ ರಂಗವಲ್ಲಿ ಹಾಕಿದ್ದರೆ ಕೈ ಜಡವಾಗುತ್ತಿತ್ತು. ದಿನಕ್ಕೊಂದು ಮನೆಯ ಬಾಗಿಲಲ್ಲಿ ಹಾಕಲು ಹೋಗಿದ್ದರೆ ನಮ್ಮ ಬಾಗಿಲು ಬರಿದಾಗಿರುತ್ತಿತ್ತು.”

ಆ ಮಾತನ್ನು ಹಿಡಿದು ಹೀಗೊಂದು ಏರ್ಪಾಡನ್ನು ಯಾವ ಮನೆಯಲ್ಲಾದರೂ ಮಾಡಿಕೊಳ್ಳಬಹುದು.

ಬದಲಾಗಬಾರದವು ಮೂರು. ಮೊದಲನೆಯದು ಹೊತ್ತು. ಬೆಳಗೋ ಸಂಜೆಯೋ, ಒಂದನ್ನು ಗೊತ್ತುಮಾಡಿಕೊಂಡು ಅದನ್ನು ಈಗಾಗಲೇ ನಡೆಯುತ್ತಿರುವ ಕೆಲಸವೊಂದಕ್ಕೆ ಗಂಟುಹಾಕಬೇಕು. ಹಾಲು ಕಾಯಿಸಿ ಇಳಿಸಿದ ಮೇಲೆ, ಅಥವಾ ಮಕ್ಕಳು ಶಾಲೆಯ ಬಸ್ಸು ಹತ್ತಿದ ಮೇಲೆ. ಎರಡನೆಯದು ಕನಿಷ್ಠ ಪ್ರಮಾಣ. ಎಷ್ಟೇ ತೊಡಕಿದ್ದರೂ ಹತ್ತು ನಿಮಿಷ ತಪ್ಪಬಾರದು. ಮೂರನೆಯದು ಮೂಲಚಲನೆಗಳು: ಕುಳಿತೇಳುವುದು, ತಳ್ಳುವುದು, ಎಳೆಯುವುದು, ಹೊರುವುದು, ನಡೆಯುವುದು. ದಿನಬಳಕೆಯ ಬಹುಪಾಲು ಕೆಲಸಗಳು ಈ ಐದರಲ್ಲಿಯೇ ಅಡಗಿವೆ. ಈ ಮೂರನ್ನೂ ಎರಡು ತಿಂಗಳಾದರೂ ಅಲುಗಿಸಬಾರದು.

ಬದಲಾಗತಕ್ಕವು ಪ್ರಮಾಣ, ವೇಗ, ಭಾರ ಮತ್ತು ಸ್ಥಳ. ಆದರೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಭಾರವನ್ನು ಏರಿಸಿದ ವಾರ ಎಣಿಕೆಯನ್ನು ಏರಿಸಬಾರದು. ಎರಡನ್ನೂ ಏರಿಸಿ ನೋವು ಬಂದರೆ ಯಾವುದರಿಂದ ಬಂತೆಂದು ತಿಳಿಯದೆ ಹೋಗುತ್ತದೆ. ಮೂರು ವಾರ ಏರಿಸಿದ ಮೇಲೆ ನಾಲ್ಕನೆಯ ವಾರವನ್ನು ಹಗುರಗೊಳಿಸುವುದು ಒಳ್ಳೆಯ ಪದ್ಧತಿ. ಹಬ್ಬ, ಮದುವೆ, ಪರೀಕ್ಷೆಗಳು ಬರುವ ವಾರವನ್ನೇ ಅದಕ್ಕೆ ಆರಿಸಿಕೊಂಡರೆ ಎರಡೂ ಸುಸೂತ್ರ. ಬೆಲೆಬಾಳುವ ಸಲಕರಣೆಗಳು ಬೇಕಿಲ್ಲ. ಎಷ್ಟು ಮಾಡಿದೆವೆಂದು ಬರೆದಿಡಲು ನಾಲ್ಕು ಕಾಸಿನ ನೋಟುಪುಸ್ತಕವೊಂದು ಸಾಕು.

ಹಿರಿಯರಿಗೆ ಕುಳಿತೇಳುವ ಅಭ್ಯಾಸವೇ ಮುಖ್ಯ. ಮೊದಲ ಎರಡು ಮೂರು ವಾರ ಗಟ್ಟಿಯಾದ ಕುರ್ಚಿಯಿಂದ, ಕೈಯೂರದೆ ಎಂಟು ಸಲ ಏಳಬೇಕು. ವಾರಕ್ಕೆ ಮೂರು ದಿನ. ಅದು ಸಲೀಸಾದಾಗ ಕುರ್ಚಿಗಿಂತ ತಗ್ಗಾದ ಮೋಡಾದಿಂದ, ಆಮೇಲೆ ಕಾಲುಮಣೆಯಿಂದ, ಕೊನೆಗೆ, ಪಕ್ಕದಲ್ಲಿ ಆಧಾರವಿಟ್ಟುಕೊಂಡು, ನೆಲದಿಂದ. ಗೋಡೆಗೆ ಅಂಗೈಯಿಟ್ಟು ಮೈಯನ್ನು ತಳ್ಳುವುದು ದಂಡೆಯ ಮೃದುರೂಪ. ಅಡಿಗೆಮನೆಯ ಕಟ್ಟೆಯ ಪಕ್ಕ ನಿಂತು, ಹಲ್ಲುಜ್ಜುವ ಹೊತ್ತಿನಲ್ಲಿ ಒಂದೊಂದು ಕಾಲಿನ ಮೇಲೆ ಹತ್ತು ಎಣಿಸುವತನಕ ನಿಲ್ಲುವುದು ಸಮತೋಲನದ ಸಾಧನೆ. ಐದು ಸುತ್ತಿನ ನಡಿಗೆಯನ್ನು ಬಿಡಬೇಕಾಗಿಲ್ಲ. ಮೂರನೆಯ ಸುತ್ತನ್ನು ಮಾತ್ರ ಚುರುಕಾಗಿ, ಮಾತಾಡಬಹುದಾದರೂ ಹಾಡಲಾಗದಷ್ಟು ವೇಗದಲ್ಲಿ ಹಾಕಿದರೆ ಅದೇ ನಡಿಗೆ ಹೊಸದಾಗುತ್ತದೆ. ವಾರಕ್ಕೊಮ್ಮೆ ನೆಲವನ್ನೂ ಬದಲಿಸಬಹುದು. ಹೆಬ್ಬಾಳ, ಜಕ್ಕೂರು, ಯಲಹಂಕ ಕೆರೆಗಳ ದಡಗಳುಂಟು; ಮತ್ತಿಕೆರೆಯಲ್ಲಿ ಜಯಪ್ರಕಾಶ ನಾರಾಯಣ ಉದ್ಯಾನವುಂಟು; 1882ರಲ್ಲಿ ನಿರ್ಮಾಣವಾದ ಸ್ಯಾಂಕಿ ಕೆರೆಯ ಸುತ್ತಿನ ದಾರಿಯುಂಟು. ಏರಿಳಿವಿನ ಮಣ್ಣುದಾರಿಯು ಪಾದಕ್ಕೆ ಹೇಳಿಕೊಡುವುದನ್ನು ಸಮತಟ್ಟಾದ ಸಿಮೆಂಟು ಹೇಳಿಕೊಡಲಾರದು.

ಉದ್ಯೋಗದಲ್ಲಿರುವ ತರುಣರು ವಾರದ ಮೂರು ದಿನಗಳನ್ನು ಮೂಲಚಲನೆಗಳಿಗೆ ಮೀಸಲಿಟ್ಟು, ಎರಡು ತಿಂಗಳು ಅವುಗಳನ್ನೇ ಮಾಡತಕ್ಕದ್ದು. ಹೊಸತನದ ಹಸಿವಿಗೆ ಭಾನುವಾರವಿದೆ. ಒಂದು ವಾರ ಸೈಕಲ್ಲಿನಲ್ಲಿ ಯಲಹಂಕದ ದಾರಿಯಾಗಿ ನಂದಿಬೆಟ್ಟದ ಕಡೆ, ಒಂದು ವಾರ ಈಜು, ಒಂದು ವಾರ ಷಟಲ್; ಕಚೇರಿಗೆ ರೈಲಿನಲ್ಲಿ ಹೋಗುವವರಿಗೆ ಯಶವಂತಪುರ ನಿಲ್ದಾಣದ ಮೇಲುಸೇತುವೆಯ ಮೆಟ್ಟಿಲುಗಳು ನಿತ್ಯವೂ ಕಾದಿವೆ. ಆರು ದಿನ ಅನ್ನಸಾರು ಸೊಗಸಾಗಿ ನಡೆಯುತ್ತಿದ್ದರೆ ಭಾನುವಾರದ ಭಕ್ಷ್ಯದಿಂದ ಅಜೀರ್ಣವಾಗದು.

ಗೃಹಿಣಿಯರ ಸಮಸ್ಯೆ ಬೇರೆ. ಅವರ ಹೊತ್ತು ಅವರ ಕೈಯಲ್ಲಿರುವುದೇ ಅಪರೂಪ. ಮನೆಗೆಲಸವೇ ವ್ಯಾಯಾಮವಲ್ಲವೆ ಎಂದು ಉಳಿದವರು ಹೇಳುವುದುಂಟು. ಅದರಲ್ಲಿ ಶ್ರಮವೇನೋ ಇದೆ. ಆದರೆ ಬಗ್ಗಿಯೇ ಮಾಡುವ ಕೆಲಸವು ಬೆನ್ನನ್ನು ದಣಿಸುವಷ್ಟು ಬಲಪಡಿಸುವುದಿಲ್ಲ. ಆದುದರಿಂದ ಬೆಳಗ್ಗೆ ಹತ್ತು, ಸಂಜೆ ಹತ್ತು ನಿಮಿಷವೆಂದು ಹಂಚಿಕೊಂಡರೂ ಸರಿ, ಆ ಹೊತ್ತಿನಲ್ಲಿ ಒಲೆಯ ಮುಂದೆ ಇನ್ನೊಬ್ಬರು ನಿಲ್ಲುವ ಏರ್ಪಾಡಾಗಬೇಕು. ಮನೆಯ ಗಂಡಸರು ಕೊಡಬಹುದಾದ ಸಲಕರಣೆಯೆಂದರೆ ಇದೊಂದೇ; ಅಂಗಡಿಯಲ್ಲಿ ಇದು ಸಿಗುವುದಿಲ್ಲ.

ಎಚ್ಚರಿಕೆಯ ಮಾತೊಂದನ್ನು ಇಲ್ಲಿಯೇ ಹೇಳಬೇಕು. ಹೃದ್ರೋಗ, ರಕ್ತದ ಒತ್ತಡ, ಮಧುಮೇಹ, ಸಂಧಿವಾತವುಳ್ಳವರು, ಗರ್ಭಿಣಿಯರು, ಬಹುಕಾಲದಿಂದ ವ್ಯಾಯಾಮವನ್ನೇ ಮಾಡದವರು ತಮ್ಮ ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಎದೆನೋವು, ತಲೆಸುತ್ತು, ಕೀಲಿನಲ್ಲಿ ಚುಚ್ಚುವ ನೋವು ಕಂಡಕೂಡಲೆ ನಿಲ್ಲಿಸಬೇಕು. ಸ್ನಾಯುವಿನ ಮಂದವಾದ ನೋವು ಎರಡು ಮೂರು ದಿನದಲ್ಲಿ ಹೋಗುತ್ತದೆ; ಕೀಲಿನ ನೋವು ಬೇರೆ ಜಾತಿಯದು.

ಯಜಮಾನರು ಕುರ್ಚಿಯಿಂದ ಆರಂಭಿಸಿದಾಗ ಆಷಾಢ. ಮೊದಲ ದಿನ ಎಂಟಕ್ಕೆ ಬದಲು ಐದೇ ಸಲ ಏಳಲಾಯಿತು. ನೋಟುಪುಸ್ತಕದಲ್ಲಿ ಐದೆಂದೇ ಬರೆದರು. ಮಗ, ಭುಜ ಸರಿಹೋದ ಮೇಲೆ, ಅರ್ಧ ಭಾರದಿಂದ ಮತ್ತೆ ಮೊದಲ ಪಾಠಕ್ಕೆ ಬಂದ. ಗೌರಿಹಬ್ಬಕ್ಕೆ ಮೋಡಾ, ದೀಪಾವಳಿಗೆ ಕಾಲುಮಣೆ. ನಡುವೆ ಮೈಬೆಚ್ಚಗಾಗಿ ಹತ್ತು ದಿನ ತಪ್ಪಿತು. ಹನ್ನೊಂದನೆಯ ದಿನ ಹಿಂದಿನ ಪುಟದ ಎಣಿಕೆಯಿಂದ ಮುಂದುವರಿಯಿತು. ಸೊಸೆಯ ಹೆಸರಿನಲ್ಲಿಯೂ ಒಂದು ಪುಟವಿತ್ತು. ಆಕೆಯ ಹತ್ತು ನಿಮಿಷದಲ್ಲಿ ಕುಕ್ಕರಿನ ಕೂಗನ್ನು ಎಣಿಸುವ ಜವಾಬ್ದಾರಿ ಈಗ ಮಗನದು.

ಮಾಘದಲ್ಲಿ ಯಶವಂತಪುರದ ಬಂಧುಗಳ ಮನೆಯಲ್ಲಿ ಸೀಮಂತ. ಮೇಜು ಕುರ್ಚಿಗಳ ಸಾಲೂ ಇತ್ತು, ನೆಲದ ಮೇಲಿನ ಪಂಕ್ತಿಯೂ ಇತ್ತು. ಯಜಮಾನರು ಒಂದು ಗಳಿಗೆ ನಿಂತು ನೋಡಿ, ಪಂಕ್ತಿಯಲ್ಲಿ ಕೊನೆಯ ಎಲೆಯ ಮುಂದೆ ಕುಳಿತರು. ಊಟ ಮುಗಿದು ಎಲ್ಲರೂ ಎದ್ದರು. ಅವರೂ ಒಂದು ಮೊಣಕಾಲನ್ನು ನೆಲಕ್ಕೆ ತಂದು, ಒಂದು ಕೈಯನ್ನು ಊರಿ, ಕೊಂಚ ತಡವಾಗಿ ಎದ್ದು ಕೈತೊಳೆಯಲು ಹೋದರು. ಯಾರೂ ಅದನ್ನು ಗಮನಿಸಲಿಲ್ಲ. ಬಡಿಸುತ್ತಿದ್ದ ಸೊಸೆಯೊಬ್ಬಳು ಮಾತ್ರ ನೋಡಿ, ಸೌಟನ್ನು ಹಿಡಿದ ಹಾಗೆಯೇ ಒಂದು ಕ್ಷಣ ನಿಂತು, ಮುಂದಿನ ಎಲೆಗೆ ನಡೆದಳು.